ಐದನೇ ಕ್ಲಾಸಿನ ಬ್ಯಾಗು

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು, ನಿಜ. ಆದರೆ ಅರವತ್ತು ದಾಟಿದ ಮೇಲೆ ಹೇಳಿಕೊಳ್ಳುವುದಕ್ಕೆ ನನ್ನಲ್ಲಿ ಉಳಿದಿರುವ ಚಂದ ಅದೊಂದೇ. ಮಂಡಿ ಮಾತು ಕೇಳುವುದಿಲ್ಲ, ಕೂದಲು ತಲೆಯಲ್ಲಿರುವುದಕ್ಕಿಂತ ಬಾಚಣಿಗೆಯಲ್ಲಿರುವುದೇ ಹೆಚ್ಚು, ಒಗ್ಗರಣೆ ಸೀಯುವುದಂತೂ ಮನೆಯವರಿಗೆ ಅಭ್ಯಾಸವಾಗಿಹೋಗಿದೆ. ಅಕ್ಷರ ಮಾತ್ರ ಇನ್ನೂ ಹರೆಯದ ಹುಡುಗಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ತಿಪಟೂರಿನ ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂತಿದ್ದಷ್ಟು ಕಾಲವೂ ಜನ ಮನಿಯಾರ್ಡರ್ ಫಾರಂ ಕಿಂಡಿಯೊಳಕ್ಕೆ ತಳ್ಳಿ, "ನೀವೇ ಬರ್ದುಬುಡಿ ಮೇಡಂ, ನಿಮ್ಮಕ್ಷರ ಮುತ್ತಿದ್ದಂಗವೆ" ಎನ್ನುತ್ತಿದ್ದರು. ತಾವು ಬರೆಯುವ ಸೋಮಾರಿತನಕ್ಕೆ ಹಾಗೆನ್ನುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಉಬ್ಬಿ ಬರೆದುಕೊಡುತ್ತಿದ್ದೆ.

ಈ ದೌರ್ಬಲ್ಯವನ್ನು ಹಿಡಿದೇ ಸ್ಟೆಲ್ಲಾ ನನ್ನನ್ನು ಎಳೆದುಕೊಂಡದ್ದು. ಸ್ಟೆಲ್ಲಾ ನಮ್ಮ ಎದುರು ಮನೆಯವಳು, ಶಾಲೆಯಲ್ಲಿ ಟೀಚರ್ ಆಗಿದ್ದವಳು. ನಮ್ಮ ಬೀದಿಯ ಕೊನೆಯಲ್ಲಿ ಅವರ ಚರ್ಚು. ಅದರ ಹಿಂದಿನ ಹಾಲ್‌ನಲ್ಲಿ ಸಂಜೆ ಹೊತ್ತು ಮಕ್ಕಳನ್ನು ಸೇರಿಸಿ ಪಾಠ ಹೇಳಿ, ಒಂದು ಲೋಟ ಹಾಲು, ಬೇಯಿಸಿದ ಮೊಟ್ಟೆ ಕೊಟ್ಟು ಕಳಿಸುವ ಕಾರ್ಯಕ್ರಮವೊಂದನ್ನು ಅವಳು ನೋಡಿಕೊಳ್ಳುತ್ತಾಳೆ. ಕಾಯಿಪುಡಿ ಫ್ಯಾಕ್ಟರಿಗೆ ಹೋಗುವ ಹೆಂಗಸರ ಮಕ್ಕಳು, ಕಾಯಿ ಸುಲಿಯುವವರ ಮಕ್ಕಳು, ಗ್ಯಾರೇಜಿನಲ್ಲಿ ಕೆಲಸ ಮಾಡುವವರ ಮಕ್ಕಳು ಬರುತ್ತಾರೆ. ಯಾವ ಜಾತಿ, ಯಾವ ದೇವರು ಎಂದು ಕೇಳುವುದಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಎಲ್ಲೆಲ್ಲಿಯದೋ ದಾನಿಗಳು ಕಳಿಸಿದ ನೋಟ್‌ಬುಕ್ಕು, ಪೆನ್ಸಿಲ್ಲು, ಮೆಂಡರು, ರಬ್ಬರು, ಜಾಮಿಟ್ರಿ ಬಾಕ್ಸುಗಳ ರಟ್ಟಿನ ಪೆಟ್ಟಿಗೆಗಳು ಬಂದು ಬೀಳುತ್ತವೆ. ಅವನ್ನು ಬಿಚ್ಚಿ, ನೋಟ್‌ಬುಕ್ಕಿಗೆ ಬೈಂಡ್ ಹಾಕಿ, ಲೇಬಲ್ ಅಂಟಿಸಿ, ಹೆಸರು ಬರೆದು, ತರಗತಿಗೆ ತಕ್ಕಂತೆ ಬ್ಯಾಗಿಗೆ ತುಂಬಬೇಕು. ಶಾಲೆ ಶುರುವಾಗುವ ಹೊತ್ತಿಗೆ ಹಂಚಬೇಕು.

"ಹೆಸರು ಬರ್ಯೋದಕ್ಕೆ ನೀವೇ ಬೇಕು ಗಿರಿಜಕ್ಕ. ನಾನು ಬರೆದ್ರೆ ಡಾಕ್ಟ್ರು ಚೀಟಿ ಥರ ಇರುತ್ತೆ" ಎಂದಳು ಸ್ಟೆಲ್ಲಾ. ಅಷ್ಟೇ, ನಾನು ಹೊರಟುನಿಂತೆ.

ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಚರ್ಚಿನ ಹಾಲಿಗೆ ಹೋಗುವವಳನ್ನು ಕಂಡು ನಮ್ಮ ವಾರಗಿತ್ತಿಗೆ ನಿದ್ದೆ ಬರಲಿಲ್ಲ. "ಏನಕ್ಕಾ, ಸೇರ್ಕಂಡ್ಬುಟ್ರಂತೆ?" ಎಂದು ಫೋನಿನಲ್ಲಿ ಕೇಳಿದಳು. ಅದನ್ನು ಸ್ಟೆಲ್ಲಾಗೆ ಹೇಳಿದರೆ, "ನಿಮ್ಮ ವಿಭೂತಿ ತಂಟೆಗೆ ನಾವು ಬಂದಿಲ್ಲಪ್ಪ, ಮೂಗಿನ ಮೇಲಿರೋ ಅಂಟು ಮಾತ್ರ ಒರೆಸ್ಕೊಂಡು ಹೋಗಿ" ಎಂದಳು. ಸ್ಟೆಲ್ಲಾ ಹಾಗೆಯೇ. ನೆಟ್ಟನೆಯ ಮಾತು, ನೆಟ್ಟನೆಯ ಸೀರೆ ನೆರಿಗೆ. ಮಕ್ಕಳು ಸುಳ್ಳು ಹೇಳಿದರೆ ಮಾತ್ರ ಅವಳಿಗೆ ತಡೆಯಲಾಗದು. "ಹೋಮ್‌ವರ್ಕ್ ಮಾಡ್ಲಿಲ್ಲ ಅನ್ನು, ಪರವಾಗಿಲ್ಲ. ಪುಸ್ತಕ ಮನೇಲಿ ಬಿಟ್ಟೆ ಅನ್ಬೇಡ" ಎಂದು ಕಿವಿ ಹಿಂಡುವವಳು.

ನೋಟ್‌ಬುಕ್ಕಿಗೆ ಬೈಂಡ್ ಹಾಕುವ ಕೆಲಸ ನೋಡುವುದಕ್ಕೆ ಸುಲಭ. ಖಾಕಿ ಹಾಳೆಯನ್ನು ಹಾಸಿ, ಪುಸ್ತಕವನ್ನು ಮಲಗಿಸಿ, ಮೂಲೆ ಮಡಿಸಿದರಾಯಿತು. ನಾನು ಮಡಿಸಿದ ಮೂಲೆ ಮಾತ್ರ ಯಾವತ್ತೂ ಮೂಲೆಯಾಗಿ ಉಳಿಯದೆ ಹೋಳಿಗೆಯ ಅಂಚಿನ ಹಾಗೆ ಉಬ್ಬಿಕೊಳ್ಳುತ್ತದೆ. ಆದ್ದರಿಂದ ನನ್ನನ್ನು ಲೇಬಲ್ಲಿನ ಮೇಜಿಗಷ್ಟೇ ಸೀಮಿತಗೊಳಿಸಿದ್ದರು. ಅಲ್ಲಿ ಕೂತು ನನಗೆ ಏನೇನೋ ಯೋಚನೆ ಬರುತ್ತಿತ್ತು. ನಾವು ಕಾಗದಕ್ಕೆ ಹಾಳೆ ಎನ್ನುತ್ತೇವೆ. ಅಡಿಕೆ ಮರದ ಪಟ್ಟೆಗೂ ಹಾಳೆ ಎನ್ನುತ್ತೇವೆ. ಪತ್ರಕ್ಕೆ ಓಲೆ ಎಂದವರು ಕಿವಿಯ ಒಡವೆಗೂ ಓಲೆ ಎಂದರು. ಬರೆಯುವುದನ್ನೆಲ್ಲ ನಮ್ಮ ಹಿರಿಯರು ಮರದಿಂದಲೇ ಕಿತ್ತುಕೊಂಡರು. ಬರೆದದ್ದು ಮಾತ್ರ ತಾಳೆಯ ಗರಿಯ ಮೇಲೆ. ಕಣ್ಣು ಹಾಯಿಸಿದಷ್ಟು ದೂರ ತೆಂಗೇ ಇರುವ ನಮ್ಮ ಸೀಮೆಯಲ್ಲಿ ತೆಂಗಿನ ಗರಿಯ ಮೇಲೆ ಯಾರೂ ಒಂದಕ್ಷರ ಬರೆದಂತಿಲ್ಲ. ಚಪ್ಪರಕ್ಕೆ ಹೊದಿಸಿದೆವು, ಕಡ್ಡಿ ತೆಗೆದು ಪೊರಕೆ ಕಟ್ಟಿದೆವು. ಕಲ್ಪವೃಕ್ಷ ಎಲ್ಲವನ್ನೂ ಕೊಟ್ಟಿತು, ನೋಟ್‌ಬುಕ್ಕೊಂದನ್ನು ಬಿಟ್ಟು.

ಹೆಸರುಗಳದ್ದು ಇನ್ನೊಂದು ಕಥೆ. ನಾನು ಓದುವಾಗ ಕ್ಲಾಸಿನಲ್ಲಿ ಗಂಗಮ್ಮ ಎಂದು ಕೂಗಿದರೆ ಅರ್ಧ ಕ್ಲಾಸು ಎದ್ದು ನಿಲ್ಲುತ್ತಿತ್ತು. ಈಗ ಧನ್ವಿತ್, ಹವಿಶಾ, ರಿದ್ಧಿಮಾ. ಒತ್ತಕ್ಷರ ಎಲ್ಲಿ, ದೀರ್ಘ ಎಲ್ಲಿ ಎಂದು ಹೆತ್ತವರನ್ನು ಕೇಳಿದರೆ ಅವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಂಥ ಹೆಸರುಗಳ ನಡುವೆ ಸಿಂಚನ ಎಂಬುದು ಬರೆಯುವುದಕ್ಕೆ ಹಿತವಾದ ಹೆಸರು. ಆ ಹುಡುಗಿಯನ್ನು ನಾನು ಮರೆಯದಿರಲು ಬೇರೆ ಕಾರಣವೂ ಇತ್ತು. ಅವಳು ಮೂರನೇ ಕ್ಲಾಸಿಗೆ ಹೋಗುವ ವರ್ಷ ಬ್ಯಾಗು ತೆಗೆದುಕೊಂಡವಳು ಅಲ್ಲೇ ನಿಂತು ನೋಟ್‌ಬುಕ್ಕನ್ನೆಲ್ಲ ಹೊರಗೆಳೆದು ನೋಡಿ, ನೇರ ನನ್ನ ಮೇಜಿಗೆ ಬಂದಳು.

"ಅಜ್ಜಿ, ನಮ್ಮೆಸ್ರಲ್ಲಿರೋ ಸೊನ್ನೆ ರಾಗಿ ಕಾಳಂಗೆ ಬರ್ದಿದೀರ. ದೊಡ್ಡುದಾಗಿ ಬರ್ಕೊಡಿ."

ಮುತ್ತಿನಂಥ ಅಕ್ಷರಕ್ಕೆ ಇಂಥ ವಿಮರ್ಶೆ ನಾನು ಕೇಳಿದ್ದೇ ಇಲ್ಲ. ಹಿಂದೆ ನಿಂತಿದ್ದ ಅವಳ ತಾಯಿ ಮಂಜುಳ ನಾಚಿ, "ಏ, ಸುಮ್ನೆ ಬಾರೇ" ಎಂದು ಜಡೆ ಹಿಡಿದೆಳೆದಳು. ನಾನು ಕಷ್ಟಪಟ್ಟು ಗಂಭೀರವಾಗಿ ಪ್ರತಿ ಸೊನ್ನೆಯನ್ನೂ ತಿದ್ದಿ ಉಂಡೆ ಮಾಡಿಕೊಟ್ಟೆ. ಮರುವರ್ಷದಿಂದ ಅವಳ ಹೆಸರಿಗೆ ಬಂದಾಗ ಕೈ ತಾನೇ ತಾನಾಗಿ ಕೋಡುಬಳೆಯಷ್ಟು ದೊಡ್ಡ ಸೊನ್ನೆ ಸುತ್ತುತ್ತಿತ್ತು. ಈ ವರ್ಷವೂ ಹಾಗೆಯೇ ಬರೆದೆ. ಸಿಂಚನ, ಐದನೇ ತರಗತಿ. ಬರೆದು, ಬಂದಾಗ ಏನನ್ನುತ್ತಾಳೋ ನೋಡೋಣ ಎಂದು ನನ್ನಷ್ಟಕ್ಕೆ ನಕ್ಕೆ.

ಹಂಚುವ ದಿನ ಸಿಂಚನ ಬರಲಿಲ್ಲ. ಮಂಜುಳ ಒಬ್ಬಳೇ ಬಂದಿದ್ದಳು. ಮಗುವನ್ನು ಕರೆತಂದರೆ ಮಾತ್ರ ಬ್ಯಾಗು ಎಂಬುದು ಸ್ಟೆಲ್ಲಾಳ ಕಟ್ಟುನಿಟ್ಟು. ಮಂಜುಳ ಸಾಲಿನಲ್ಲಿ ಎಲ್ಲರೊಂದಿಗೆ ನಿಂತು, ಮುಂದೆ ಸರಿದು ಸರಿದು ಮೇಜಿನ ಬಳಿ ಬಂದಳು. ಅವಳು ಇಳಿದುಹೋದಂತೆ ಕಂಡಳು. ಫ್ಯಾಕ್ಟರಿಯಲ್ಲಿ ದಿನವಿಡೀ ಕಾಯಿಯ ಕಂದು ಸಿಪ್ಪೆ ಹೆರೆಯುವ ಹೆಂಗಸರು ಬೇಸಗೆಯಲ್ಲಿ ಹಾಗೆ ಇಳಿದುಹೋಗುವುದು ಹೊಸದಲ್ಲ ಎಂದುಕೊಂಡೆ.

"ಎಲ್ಲಮ್ಮಾ ಸಿಂಚನ?" ಎಂದಳು ಸ್ಟೆಲ್ಲಾ.

"ಊರಲ್ಲವಳೆ ಮಿಸ್."

"ಸ್ಕೂಲು ಶುರುವಾಯ್ತಲ್ಲ. ಯಾವಾಗ ಕರ್ಕೊಂಡು ಬರ್ತೀಯ?"

"ಇಲ್ಲ ಮಿಸ್. ಇನ್ನ ಅಲ್ಲೇ ಇರ್ತಾಳೆ."

ಮಂಜುಳಳ ತವರು ದಂಡಿನಶಿವರದ ಕಡೆಯ ಒಂದು ಹಳ್ಳಿ. ರಜಕ್ಕೆ ಹೋದ ಹುಡುಗಿಯನ್ನು ಅಜ್ಜಿ ಅಲ್ಲೇ ಶಾಲೆಗೆ ಸೇರಿಸಿಕೊಂಡಿರಬೇಕು ಎಂದುಕೊಂಡೆವು. ಮಂಜುಳಳ ಗಂಡ ಕೊಬ್ಬರಿ ಲಾರಿ ಓಡಿಸುವವನು, ಉತ್ತರದ ಕಡೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮಗು ಅಜ್ಜಿಯ ಹತ್ತಿರ ಇರುವುದೇ ವಾಸಿ ಎನಿಸಿತು. ಸ್ಟೆಲ್ಲಾ ಒಂದು ಕ್ಷಣ ಯೋಚಿಸಿ, "ಸರಿ, ಹೆಸರು ಬರೆದಾಗಿದೆ, ಈ ವರ್ಷದ್ದು ತಗೊಂಡು ಹೋಗು. ಚೆನ್ನಾಗಿ ಓದು ಅಂತ ಹೇಳು" ಎಂದು ಬ್ಯಾಗು ಕೊಟ್ಟಳು. ಮಂಜುಳ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕೈಯಲ್ಲಿ ತೂಗುಹಾಕಿಕೊಳ್ಳದೆ, ಭುಜಕ್ಕೂ ಹಾಕದೆ, ಎದೆಗೆ ಅವುಚಿಕೊಂಡು ಹೋದಳು. ಹೋಗುವುದನ್ನು ನಾನು ನೋಡಿದೆ. ನೋಡಿದ್ದಷ್ಟೇ.

ಅವತ್ತು ಕೊನೆಯವರೆಗೂ ನಿಂತಿದ್ದವಳು ಆಯೇಷಾ ಎಂಬ ಐದನೇ ಕ್ಲಾಸಿನ ಹುಡುಗಿ. ಅವಳ ತಂದೆ ಮೆಕ್ಯಾನಿಕ್ಕು, ಗ್ಯಾರೇಜಿನಲ್ಲಿ ಜ್ಯಾಕು ಜಾರಿ ಕೈ ಜಜ್ಜಿಹೋಗಿತ್ತು. ಮಗುವನ್ನು ಕಾರ್ಯಕ್ರಮಕ್ಕೆ ಸೇರಿಸಿಕೊಳ್ಳುವ ಹೊತ್ತಿಗೆ ಬ್ಯಾಗುಗಳೆಲ್ಲ ಹೆಸರು ಹೊತ್ತು ಸಿದ್ಧವಾಗಿದ್ದವು. "ಯಾರಾದ್ರೂ ಬರ್ಲಿಲ್ಲ ಅಂದ್ರೆ ಅದು ನಿಂಗೆ" ಎಂದು ಸ್ಟೆಲ್ಲಾ ಮಾತು ಕೊಟ್ಟಿದ್ದಳು. ಎಲ್ಲರೂ ಬಂದರು. ಆಯೇಷಾ ಸುಮ್ಮನೆ ಮನೆಗೆ ಹೋದಳು.

ಸಂಜೆ ಪಾಠ ಮತ್ತೆ ಆರಂಭವಾದ ಮೇಲೆ ಸಿಂಚನಳ ಕ್ಲಾಸಿನ ಹುಡುಗಿಯೊಬ್ಬಳು ಮಾತಿನ ನಡುವೆ ಹೇಳಿದಳಂತೆ: "ಮಿಸ್, ಸಿಂಚನ ನೀರಿಗೆ ಬಿದ್ದು ಸತ್ತೋದ್ಲು. ನಮ್ ಸ್ಕೂಲಲ್ಲಿ ಎಲ್ಲಾರೂ ಮಾತಾಡ್ದೆ ನಿಂತ್ಕೊಂಡಿದ್ವಿ." ಹೇಳಿ, ಹಾಲು ಆರಿಹೋಗುತ್ತದೆ ಎಂದು ಲೋಟ ತೆಗೆದುಕೊಳ್ಳಲು ಹೋದಳಂತೆ.

ಸ್ಟೆಲ್ಲಾ ಅಲ್ಲಿಂದ ನೇರ ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರದೆ ಜಗುಲಿಯ ಮೇಲೆ ಕೂತಳು. "ಊರಲ್ಲವಳೆ ಅಂದ್ಲಲ್ಲ ಗಿರಿಜಕ್ಕ. ಅಲ್ಲೇ ಇರ್ತಾಳೆ ಅಂದ್ಲು. ನಾನು ಚೆನ್ನಾಗಿ ಓದು ಅಂತ ಹೇಳು ಅಂದೆ" ಎಂದಳು. ಇದನ್ನೇ ಬೇರೆ ಬೇರೆ ರೀತಿ ಹೇಳಿದಳು. ನಾವು ಕೂತಿದ್ದ ಜಗುಲಿಯ ಎದುರು ಯಾರದೋ ಮಕ್ಕಳು ಸೈಕಲ್ಲಿನ ಟೈರು ಓಡಿಸಿಕೊಂಡು ಹೋದರು.

ವಿಷಯ ಬೇಗ ಊರೆಲ್ಲ ಹರಡಿತು. ಅಜ್ಜಿಯ ಊರಿನಲ್ಲಿ ತೋಟಕ್ಕೆ ನೀರು ಹಿಡಿಯಲೆಂದು ತೋಡಿದ ಕೃಷಿಹೊಂಡ, ಅದರ ತಳಕ್ಕೂ ದಡಕ್ಕೂ ಹಾಸಿದ ಪ್ಲಾಸ್ಟಿಕ್ಕು. ಜಾರಿದರೆ ದೊಡ್ಡವರಿಗೂ ಹಿಡಿದು ಹತ್ತುವುದಕ್ಕೆ ಏನೂ ಸಿಗುವುದಿಲ್ಲ. ಏಪ್ರಿಲ್ಲಿನ ಕೊನೆಯಲ್ಲೇ ಆಗಿಹೋಗಿತ್ತು. ನಾನು ಮೇಜಿನ ಮುಂದೆ ಕೂತು ಅವಳ ಹೆಸರಿಗೆ ಸೊನ್ನೆ ಸುತ್ತುತ್ತಿದ್ದಾಗ ಅವಳು ಇರಲಿಲ್ಲ.

ಹೊಟ್ಟೆ ಉರಿಯುವ ಮಾತು ಬೇರೆಯೇ ಬಂತು. ಸಾಲಿನಲ್ಲಿ ನಿಂತಿದ್ದ ತಾಯಂದಿರಲ್ಲಿ ಕೆಲವರು ಆಡಿಕೊಳ್ಳತೊಡಗಿದರು. "ಸತ್ತ ಮಗೀನ ಹೆಸರೇಳಿ ಬ್ಯಾಗ್ ಹೊಡ್ಕಂಡೋದ್ಲು ನೋಡಿ." "ಯಾರಿಗೋ ಮಾರ್ಕಂಡಿರ್ತಳೆ ಬುಡು." "ಆ ಸಾಬ್ರ ಹುಡುಗಿ ಬರಿಗೈಲಿ ಹೋಯ್ತು, ಪಾಪ." ಆಯೇಷಾ ನಿಜವಾಗಿಯೂ ಬಟ್ಟೆ ಅಂಗಡಿಯ ಕವರಿನಲ್ಲಿ ಪುಸ್ತಕ ಹಾಕಿಕೊಂಡು ಓಡಾಡುತ್ತಿದ್ದಳು.

"ಇನ್ನೊಂದು ಬ್ಯಾಗು ಕೊಂಡುಕೊಟ್ಟರಾಯಿತು ಬಿಡು" ಎಂದೆ ನಾನು.

"ಬ್ಯಾಗು ಹೇಗೋ ತರ್ತೀನಿ, ಅದಲ್ಲ" ಎಂದಳು ಸ್ಟೆಲ್ಲಾ. "ಅವಳು ಕಳ್ಳಿ ಅಂತಿದಾರೆ ಕಣ್ರೀ. ಅಲ್ಲ ಅಂತ ಹೇಳೋದಕ್ಕೆ ನಂಗೂ ಬಾಯಿ ಬರ್ತಿಲ್ಲ. ನನ್ನೆದುರಿಗೇ ಸುಳ್ಳು ಹೇಳಿದ್ಲಲ್ಲ? ಯಾಕೆ ಹೇಳಿದ್ಲು ಅಂತ ಗೊತ್ತಾಗ್ಬೇಕು. ಬನ್ನಿ, ಮಾತಾಡ್ಸಿಕೊಂಡು ಬರೋಣ."

ಸಾವಿನ ಮನೆಗೆ ಹೋಗುವುದಕ್ಕೆ ನಮ್ಮ ಕಡೆ ಹಾಗೆಯೇ ಅನ್ನುವುದು, ಮಾತಾಡಿಸಿಕೊಂಡು ಬರುವುದು. ಆದರೆ ಅಂಥ ಮನೆಯಲ್ಲಿ ಯಾರೂ ಏನೂ ಮಾತಾಡುವುದಿಲ್ಲ. ಮಂಜುಳಳ ತವರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಅಂಚೆ ಕಚೇರಿಯ ಕೆಲಸವನ್ನು ನೆನೆಯುತ್ತಿದ್ದೆ. ಹೆಸರಿನವರು ತೀರಿಹೋಗಿದ್ದರೆ ಪೋಸ್ಟ್‌ಮ್ಯಾನ್ ಲಕೋಟೆಯ ಮೇಲೆ ಹಾಗೆಂದು ಷರಾ ಬರೆದು ತರುತ್ತಿದ್ದ. ಅದಕ್ಕೊಂದು ಮೊಹರು ಒತ್ತಿ ಕಳಿಸಿದವರಿಗೇ ಹಿಂದಿರುಗಿಸುವುದು ನಿಯಮ. ದಿನವೂ ಒತ್ತುತ್ತಿದ್ದೆ. ಆ ಲಕೋಟೆಯನ್ನು ಬಾಗಿಲಲ್ಲಿ ನಿಂತು, "ಇಲ್ಲಪ್ಪ, ಅವರಿಲ್ಲ" ಎಂದು ಹೇಳಿ ಹಿಂದಕ್ಕೆ ಕೊಟ್ಟವರು ಯಾರು, ಕೊಡುವಾಗ ಅವರ ಕೈ ಒಂದು ಕ್ಷಣ ತಡೆಯಿತೇ ಎಂದು ಕೌಂಟರಿನ ಒಳಗಿದ್ದವಳಿಗೆ ಯೋಚನೆಯೇ ಬಂದಿರಲಿಲ್ಲ. ಸ್ಟೆಲ್ಲಾ ಪಕ್ಕದಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಪ್ರಾರ್ಥಿಸುತ್ತಿದ್ದಳೋ, ಕೇಳಬೇಕಾದ ಪ್ರಶ್ನೆಯನ್ನು ಹೊಂದಿಸಿಕೊಳ್ಳುತ್ತಿದ್ದಳೋ ತಿಳಿಯಲಿಲ್ಲ.

ತೋಟದ ಅಂಚಿನಲ್ಲಿ ಹೆಂಚಿನ ಚಿಕ್ಕ ಮನೆ. ಮಂಜುಳಳ ತಾಯಿ ನಮ್ಮನ್ನು ಕಂಡು ಸೆರಗು ಬಾಯಿಗೊತ್ತಿಕೊಂಡು ಚಾಪೆ ಹಾಸಿದರು. ಮಂಜುಳ ಒಳಗಿನಿಂದ ಬಂದು ಗೋಡೆಗೆ ಒರಗಿ ಕೂತಳು. ಬ್ಯಾಗು ಎದುರಿಗೇ ಗೂಟಕ್ಕೆ ತೂಗುಹಾಕಿತ್ತು. ನಾವು ಅದರ ಕಡೆ ನೋಡದಿರಲು ಎಷ್ಟು ಪ್ರಯತ್ನಿಸಿದೆವೆಂದರೆ, ಇಬ್ಬರಿಗೂ ಅದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಮಂಜುಳ ತಾನೇ ಎದ್ದು ಅದನ್ನು ತೆಗೆದು ಸ್ಟೆಲ್ಲಾಳ ಮುಂದಿಟ್ಟಳು. "ಇದುಕ್ಕೇ ಬಂದ್ರಾ ಮಿಸ್?"

ನಾನು ಸ್ಟೆಲ್ಲಾಳ ಮುಖ ನೋಡಿದೆ. ಪುಸ್ತಕ ಮನೇಲಿ ಬಿಟ್ಟೆ ಎಂದರೆ ಕಿವಿ ಹಿಂಡುವ ಸ್ಟೆಲ್ಲಾ, "ಇಲ್ಲಮ್ಮ. ಯಾವ ಬ್ಯಾಗು? ನಿನ್ನ ನೋಡೋದಕ್ಕೆ ಬಂದ್ವಿ" ಎಂದಳು.

ಮಂಜುಳ ನಂಬಲಿಲ್ಲ. ಆದರೆ ಆ ಸುಳ್ಳು ಅವಳಿಗೆ ಎಲ್ಲೋ ತಾಗಿರಬೇಕು. ಗೋಡೆ ಬಿಟ್ಟು ಹತ್ತಿರ ಬಂದು ಕೂತಳು.

"ನಾನು ಬ್ಯಾಗಿಗೆ ಬಂದಿರ್ಲಿಲ್ಲ ಮಿಸ್. ಫ್ಯಾಕ್ಟ್ರೀಲಿ ನನ್ ಬಟ್ಟೆ ಬರೆ ಇದ್ವು, ತರಾಣ ಅಂತ ಬಂದೆ. ದಾರೀಲಿ ನೋಡಿದ್ರೆ ಎಲ್ಲಾರೂ ಮಕ್ಳು ಕರ್ಕಂಡು ಚರ್ಚ್ ಕಡೀಕೆ ಹೋಗ್ತಾವ್ರೆ. ನಾನೂ ಹಿಂದೆ ಹೋದೆ. ಸಾಲಲ್ಲಿ ನಿಂತ್ಕಂಡೆ. ಹಿಂದುಗಡೆ ಒಬ್ರು, ನಂಗೆ ಗುರ್ತಿಲ್ಲ ಅವ್ರು, ನಿಮ್ಮುಡ್ಗಿ ಎಷ್ಟ್ನೇ ಕ್ಲಾಸು ಅಂದ್ರು. ಐದು ಅಂದೆ. ಓದ್ತಾಳಾ ಅಂದ್ರು. ಓದ್ತಾಳೆ, ಲೆಕ್ಕ ಒಂದು ತಲೆಗೆ ಹತ್ತಲ್ಲ ಅಂದೆ. ನಮ್ಮೋನ್ಗೂ ಅಷ್ಟೇ ಕಣ್ರೀ ಅಂದ್ರು." ಮಂಜುಳ ನಿಲ್ಲಿಸಿದಳು. "ಸಾಲು ಮುಗಿಯೋಗಂಟ ಎಲ್ಲಾ ತಾಯಿದೀರ ಥರಾನೇ ಇದ್ದೆ ಮಿಸ್. ಬಿಟ್ಟು ಬರಾಕಾಗ್ಲಿಲ್ಲ."

ಮಂಜುಳಳ ತಾಯಿ ಎದ್ದು ಹಿತ್ತಲ ಕಡೆ ಹೋದರು.

"ಇಲ್ಲಿ ಯಾರೂ ಅವಳ ಹೆಸ್ರೇ ಎತ್ತಲ್ಲ" ಎಂದಳು ಮಂಜುಳ. "ಎತ್ತಿದ್ರೆ ನಾನು ಅಳ್ತೀನಿ ಅಂತ. ಅವರಪ್ಪ ಲಾರಿ ಹತ್ಕಂಡು ಹೋದೋರು ಫೋನ್ ಮಾಡುದ್ರೆ ಮಳೆ ಬಂತಾ ಅಂತಾರೆ. ನಾನು ಬಂದ್ರೆ ಬೀದೀಲಿ ಮಾತಾಡ್ತಿರೋರು ಸುಮ್ಮುನಾಯ್ತಾರೆ. ಅವ್ರು ಒಳ್ಳೇದುಕ್ಕೇ ಮಾಡ್ತಾರೆ ಮಿಸ್. ಆದ್ರೆ ಹಂಗಾದ್ರೆ ಅವ್ಳು ಹುಟ್ಟೇ ಇರ್ಲಿಲ್ವಾ?"

ಆಮೇಲೆ ಒಳಗಿನಿಂದ ಸಿಂಚನಳ ಹೋದ ವರ್ಷದ ನೋಟ್‌ಬುಕ್ಕುಗಳನ್ನು ತಂದು ಚಾಪೆಯ ಮೇಲೆ ಹರಡಿದಳು. ಮೂಲೆ ಮಡಿಸಿಕೊಂಡ, ಎಣ್ಣೆಯ ಕಲೆಯಾದ ಪುಸ್ತಕಗಳು. ನಾನು ಬರೆದ ಹೆಸರುಗಳು ಮಾಸಿದ್ದವು. "ಇವೆಲ್ಲ ಬರ್ದು ಮುಗಿದೋಗವೆ. ಕೊನೆ ಹಾಳೆಗಂಟ ಬರ್ದವಳೆ" ಎಂದಳು. ಹೊಸ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಮೊದಲ ಹಾಳೆಯನ್ನು ತಿರುವಿದಳು. ಬಿಳಿಯ ಹಾಳೆ, ನೀಲಿ ಗೆರೆ. "ಅವಳ ಹೆಸರಿರೋದ್ರಲ್ಲಿ ಇವು ಮಾತ್ರ ಇನ್ನಾ ಸುರುವಾಗಿಲ್ಲ."

ಸ್ಟೆಲ್ಲಾ ಅಳುವುದನ್ನು ನಾನು ನೋಡಿದ್ದು ಆಗಲೇ. ಸದ್ದಿಲ್ಲದೆ, ಕನ್ನಡಕ ತೆಗೆಯದೆ ಅತ್ತಳು. ಮಂಜುಳ ಅವಳ ಕೈ ಹಿಡಿದುಕೊಂಡು, ಸಮಾಧಾನ ಹೇಳಬೇಕಾದವರು ಯಾರು ಎಂಬುದೇ ಅದಲುಬದಲಾಗಿ, ಇಬ್ಬರೂ ಕೂತರು.

ಆಯೇಷಾಳ ವಿಷಯ ನಾವು ಎತ್ತಲಿಲ್ಲ. ಮಂಜುಳಗೆ ಅದು ಹೇಗೋ ಮೊದಲೇ ಮುಟ್ಟಿತ್ತು. ಹೊರಡುವಾಗ ಬ್ಯಾಗನ್ನು ಎತ್ತಿ ನನ್ನ ಕೈಗೆ ಕೊಟ್ಟಳು. "ಆ ಹುಡುಗೀಗೆ ಕೊಡಿ ಅಕ್ಕ. ನನ್ ಮಗಳು ಬ್ಯಾಗ್ ಇಲ್ದೆ ಹೋಗಿದ್ರೆ ಎಷ್ಟು ರಂಪ ಮಾಡೋಳು, ನಂಗೊತ್ತಿಲ್ವಾ?" ಸ್ಟೆಲ್ಲಾ ಬೇಡವೇ ಬೇಡ ಎಂದಳು. ಮಂಜುಳ ಒಪ್ಪಲಿಲ್ಲ. "ಗೂಟದಲ್ಲಿದ್ರೆ ಅವ್ವ ದಿನಾ ಅದ್ನ ನೋಡ್ಕಂಡು ಅಳ್ತಳೆ. ಒಂದು ನೋಟ್‌ಬುಕ್ ಇಟ್ಕಂತೀನಿ, ಸಾಕು."

ಆಮೇಲೆ ನನ್ನ ಕಡೆ ತಿರುಗಿ, "ಹೆಸ್ರು ಕೀಳ್ಬ್ಯಾಡಿ ಅಕ್ಕ. ಅದ್ರ ಮೇಲೇ ಇನ್ನೊಂದು ಅಂಟ್ಸಿ" ಎಂದಳು.

ಹಾಗೆಯೇ ಮಾಡಿದೆ. ಮರುದಿನ ಚರ್ಚಿನ ಹಾಲಿನಲ್ಲಿ ಒಬ್ಬಳೇ ಕೂತು ಒಂದೊಂದು ನೋಟ್‌ಬುಕ್ಕಿನ ಮೇಲೂ ಹೊಸ ಲೇಬಲ್ಲಿಗೆ ಅಂಟು ಸವರಿ, ಹಳೆಯ ಹೆಸರಿನ ಮೇಲೆ ಒತ್ತಿ, ಒಣಗಿದ ಮೇಲೆ ಆಯೇಷಾ ಎಂದು ಬರೆದೆ. ಮುತ್ತಿನಂಥ ಅಕ್ಷರಗಳು ಅವತ್ತು ಸಾಲಿನಲ್ಲಿ ನಿಲ್ಲಲಿಲ್ಲ. ಬ್ಯಾಗು ಸಿಕ್ಕಾಗ ಆಯೇಷಾ ಅದನ್ನು ಕೂಡಲೇ ಬೆನ್ನಿಗೆ ಹಾಕಿಕೊಂಡು ಹಾಲಿನ ಆ ಕೊನೆಯಿಂದ ಈ ಕೊನೆಗೆ ಸುಮ್ಮಸುಮ್ಮನೆ ಓಡಿದಳು. ಲೇಬಲ್ಲು ಯಾಕಿಷ್ಟು ದಪ್ಪ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ನಾನೂ ಯೋಚಿಸಿಟ್ಟುಕೊಂಡಿರಲಿಲ್ಲ.

ಆಡಿಕೊಳ್ಳುತ್ತಿದ್ದವರಿಗೆ ಸ್ಟೆಲ್ಲಾ ಒಂದೇ ಮಾತು ಹೇಳಿದಳು: "ನನಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ಆಮೇಲೆ ಅವಳೇ ವಾಪಸ್ ಕಳಿಸಿದ್ಲು." ಮೊದಲನೆಯದು ಸುಳ್ಳು, ಕೊನೆಯದು ಸತ್ಯ. ಮಾತು ಅಲ್ಲಿಗೇ ನಿಂತಿತು. ಅವಳು ಅದಕ್ಕಾಗಿ ಭಾನುವಾರ ತನ್ನ ದೇವರ ಕ್ಷಮೆ ಕೇಳಿದಳೋ ಇಲ್ಲವೋ ನಾನು ವಿಚಾರಿಸಲಿಲ್ಲ. ಆ ದೇವರು ನಾನು ತಿಳಿದಂಥವನೇ ಆಗಿದ್ದರೆ ಕೇಳುವ ಅಗತ್ಯ ಇರಲಾರದು.

ದಸರೆ ಕಳೆದ ಮೇಲೆ ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಂಜುಳ ಸಿಕ್ಕಳು. ಮತ್ತೆ ಫ್ಯಾಕ್ಟರಿ ಕೆಲಸಕ್ಕೆ ಬರುತ್ತಿದ್ದಳು, ತಾಯಿಯ ಮನೆಯಿಂದಲೇ ದಿನವೂ ಓಡಾಟ. ತಲೆಗೂದಲಲ್ಲಿ ಅಲ್ಲಲ್ಲಿ ಕಾಯಿಯ ಸಣ್ಣ ಹೊಟ್ಟು ಸಿಕ್ಕಿಕೊಂಡಿತ್ತು. ಕಲ್ಲುಬೆಂಚಿನ ಮೇಲೆ ಪಕ್ಕ ಪಕ್ಕ ಕೂತೆವು. ಆರೋಗ್ಯ, ತಾಯಿ, ಗಂಡ, ಕಾಯಿಯ ಧಾರಣೆ ಎಲ್ಲವನ್ನೂ ಕೇಳಿ ಮುಗಿಸಿದೆ. ಆಮೇಲೆ ಮಾತಿಲ್ಲದೆ ಕೂತಾಗ ನನಗೆ ಗೊತ್ತಾಯಿತು, ನಾನೂ ಆ ಹಳ್ಳಿಯ ಬೀದಿಯವರು ಮಾಡಿದ್ದನ್ನೇ ಮಾಡುತ್ತಿದ್ದೇನೆ ಎಂದು. "ಸಿಂಚನ ಊಟಕ್ಕೆ ಏನು ಇಷ್ಟಪಡ್ತಿದ್ಲು ಮಂಜುಳ?" ಎಂದು ಕೇಳಿದೆ.

ಮಂಜುಳ ನನ್ನನ್ನು ದಿಟ್ಟಿಸಿದಳು. "ಊಟನಾ? ಅಯ್ಯೋ, ಅವಳು ಉಂಡಿದ್ರೆ ತಾನೇ ಅಕ್ಕ! ಮುದ್ದೆ ತಟ್ಟೆಗಾಕಿದ್ರೆ ಮುಖ ಸೊಟ್ಟ ಮಾಡೋಳು. ಅನ್ನ ಇಕ್ಕುದ್ರೆ ಬೆಲ್ಲ ತತ್ತಾ ಅನ್ನೋಳು. ಬೆಲ್ಲದ ಡಬ್ಬ ಎಲ್ಲಿ ಬಚ್ಚಿಟ್ರೂ ಬುಡ್ತಿರ್ಲಿಲ್ಲ. ಕದ್ದು ತಿಂದು ಬಾಯಿ ಒರುಸ್ಕಂಡು, ಇರುವೆ ತಿಂದ್ವು ಕಣವ್ವ ಅನ್ನೋಳು, ಸುಳ್ಳಿ!"

ನಾನು ನಕ್ಕೆ. ಅವಳೂ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಎಲ್ಲಾರೂ ಚಿನ್ನದಂಥ ಹುಡುಗಿ, ದೇವರಂಥ ಹುಡುಗಿ ಅಂತಾರೆ ಅಕ್ಕ. ಹೂಂ ಅಂತೀನಿ. ಆದ್ರೆ ನನ್ ಮಗಳು ಹಂಗಿರ್ಲಿಲ್ಲ. ತಲೆ ಬಾಚಾಕೆ ಕೂರುಸ್ಕಂಡ್ರೆ ಬೀದಿಗೆಲ್ಲ ಕೇಳಂಗೆ ಕಿರುಚೋಳು. ಅವಳನ್ನ ಬೈಕಳದೆ ಎಷ್ಟು ದಿನ ಆಯ್ತೋ. ಯಾರತ್ರ ಬೈಯ್ಲಿ ಹೇಳಿ?"

ಇಷ್ಟು ವರ್ಷ ಹೆಂಗಸರು ತಮ್ಮ ಮಕ್ಕಳನ್ನು ದೂರುವುದನ್ನು ಎಷ್ಟು ಕೇಳಿದ್ದೆ! ಕೌಂಟರಿನ ಮುಂದೆ, ಬಾವಿಯ ಕಟ್ಟೆಯಲ್ಲಿ, ಲಗ್ನದ ಮನೆಯಲ್ಲಿ. ಮಕ್ಕಳನ್ನು ಹೊಗಳುವುದು ಯಾರು ಬೇಕಾದರೂ ಮಾಡುವ ಕೆಲಸ. ಬೈಯುವುದು ಮಾತ್ರ ಹೆತ್ತವರಿಗೆ ಮೀಸಲಾದ ಭಾಗ್ಯ. ಅದನ್ನೂ ನಾವು ಕರುಣೆಯಿಂದ ಅವಳ ಕೈಯಿಂದ ಕಿತ್ತುಕೊಂಡುಬಿಟ್ಟಿದ್ದೆವು.

"ನನ್ನ ಹತ್ರ ಬೈ" ಎಂದೆ.

ಮಂಜುಳ ಕಾಲು ಮಡಿಸಿಕೊಂಡು ಬೆಂಚಿನ ಮೇಲೆ ನೆಟ್ಟಗೆ ಕೂತಳು. ಚಪ್ಪಲಿ ಕಳೆದುಕೊಂಡು ಬಂದದ್ದು, ಕೋಳಿಮರಿಯನ್ನು ಹಾಸಿಗೆಯೊಳಗೆ ಮಲಗಿಸಿಕೊಂಡದ್ದು, ಅಪ್ಪನ ಲಾರಿಯ ಹಾರನ್ ಒತ್ತಿ ಊರನ್ನೇ ಎಬ್ಬಿಸಿದ್ದು. "ಒಂದಿನಾ ಹೇಳಿದ ಮಾತು ಕೇಳ್ದೋಳಲ್ಲ. ನೀರಿನ ಹತ್ರ ಹೋಗ್ಬ್ಯಾಡ ಅಂದ್ರೆ..." ಎಂದು ನಿಲ್ಲಿಸಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಅವಳೇ ಮೂಗು ಒರೆಸಿಕೊಂಡು, "ಇನ್ನೊಂದಿನ ಏನ್ ಮಾಡಿದ್ಲು ಗೊತ್ತಾ..." ಎಂದು ಮತ್ತೆ ತೊಡಗಿದಳು.

ಅವಳ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, "ಬತ್ತೀರೇನಮ್ಮಾ, ಇದೇ ಲಾಸ್ಟು" ಎಂದು ಕೂಗಿದ. ಅವನು ದಿನವೂ ಎಲ್ಲ ಬಸ್ಸಿಗೂ ಹಾಗೆಯೇ ಅನ್ನುತ್ತಾನೆ.

"ಹೋಗಪ್ಪ, ನಾನು ಹಿಂದಿಂದ್ರಲ್ಲಿ ಬತ್ತೀನಿ" ಎಂದಳು ಮಂಜುಳ, ಅವನ ಕಡೆ ತಿರುಗದೆ. ಅವಳಿಗೆ ಇನ್ನೂ ಬೈಯುವುದಿತ್ತು.